ಕೆಸರು ಮುಟ್ಟದ ಗುಡ್ಡ

ದಾವಣಗೆರೆಯ ಚೌಕಿಪೇಟೆಯ ಹತ್ತಿರ ನಮ್ಮ ದೊಡ್ಡವ್ವನ ಹಳೆಯ ಮನೆ ಇತ್ತು. ನಡುಮನೆಯ ಗೋಡೆಯೊಳಗೆ ಗಾಜಿನ ಬಾಗಿಲಿನ ಒಂದು ಶೋಕೇಸು. ಚನ್ನಪಟ್ಟಣದ ಗೊಂಬೆಗಳು, ಪಿಂಗಾಣಿ ಬಾತುಕೋಳಿ, ಧರ್ಮಸ್ಥಳದಿಂದ ತಂದ ಫೋಟೊ, ಇವುಗಳ ನಡುವೆ ಅಂಗೈಯಗಲದ ಒಂದು ಬಿಳಿ ಕಲ್ಲು. ಅದರ ಮೈತುಂಬ ಸಾಸಿವೆ ಕಾಳಿನಷ್ಟು ಗಾತ್ರದ ತೂತುಗಳು. ಪ್ರತಿಯೊಂದು ತೂತಿನೊಳಗೂ ನಕ್ಷತ್ರದ ಹಾಗೆ ಕೂಡಿದ ಸಣ್ಣ ಗೆರೆಗಳು. ದೊಡ್ಡಪ್ಪ ಅಡಿಕೆ ವ್ಯಾಪಾರಕ್ಕೆ ಮಂಗಳೂರಿಗೆ ಹೋಗಿದ್ದಾಗ ಬಂದರಿನ ಬಳಿ ಕೊಂಡು ತಂದದ್ದಂತೆ. ನಾವು ಹುಡುಗರು ಗಾಜಿನ ಬಾಗಿಲಿಗೆ ಕೈ ಹಾಕಿದರೆ ದೊಡ್ಡವ್ವ ಅಡುಗೆಮನೆಯಿಂದಲೇ ಕೂಗುತ್ತಿದ್ದಳು: "ಮುಟ್ಟಬ್ಯಾಡ್ರೋ, ಅದು ಹವಳದ ಕಲ್ಲು, ಮುರೀತತಿ."

ನನಗೆ ಅದು ಬಗೆಹರಿಯದ ಒಗಟಾಗಿತ್ತು. ನಾನು ಕಂಡಿದ್ದ ಹವಳ ಕೆಂಪು. ದೊಡ್ಡವ್ವನ ಕೊರಳಿನ ಸರದಲ್ಲೇ ಚಿನ್ನದ ಗುಂಡುಗಳ ನಡುವೆ ಪೋಣಿಸಿದ್ದ ಹವಳಗಳಿದ್ದವು. ಬಿಳಿಯದು ಹವಳ ಹೇಗಾದೀತು? ಉತ್ತರ ಸಿಕ್ಕಿದ್ದು ಬಹಳ ವರ್ಷಗಳ ಮೇಲೆ. ಸರಕ್ಕೆ ಪೋಣಿಸುವ ಕೆಂಪು ಹವಳ ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದ್ದು. ಬಂಡೆಯ ನೆರಳಲ್ಲಿ, ಮಬ್ಬು ಬೆಳಕಿನಲ್ಲಿ ಕವಲೊಡೆದು ಬೆಳೆಯುವ ಜಾತಿ ಅದು. ಅದು ದ್ವೀಪ ಕಟ್ಟುವುದಿಲ್ಲ. ದ್ವೀಪ ಕಟ್ಟುವ ಹವಳಗಳು ಬೇರೆ. ಬದುಕಿರುವಾಗ ಅವು ಕಂದು, ಹಸಿರು, ಹಳದಿ, ನೇರಳೆ. ಸತ್ತ ಮೇಲೆ ಉಳಿಯುವ ಎಲುಬು ಬಿಳಿ. ಶೋಕೇಸಿನಲ್ಲಿದ್ದದ್ದು ಆ ಎಲುಬು.

ಹವಳ ಒಂದು ಪ್ರಾಣಿ. ಬಹುಪಾಲು ಜಾತಿಗಳಲ್ಲಿ ಒಂದೊಂದು ಜೀವಿಯೂ ಅಕ್ಕಿಕಾಳಿನಿಂದ ಕಡಲೆಕಾಳಿನವರೆಗಿನ ಗಾತ್ರದ್ದು. ತಳವನ್ನು ಬಂಡೆಗೆ ಅಂಟಿಸಿ, ಬಾಯನ್ನು ಮೇಲಕ್ಕೆ ಮಾಡಿ, ಬಾಯ ಸುತ್ತ ಎಳೆಎಳೆಯಾದ ಬೆರಳುಗಳನ್ನು ಚಾಚಿಕೊಂಡು ನಿಂತಿರುತ್ತದೆ. ಅಂಬಲಿಮೀನಿನ, ಅಂದರೆ ಜೆಲ್ಲಿಮೀನಿನ ದೂರದ ನಂಟ. ಕಡಲ ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಹೀರಿ ತನ್ನ ಕೆಳಗೆ ಸುಣ್ಣದ ಬಟ್ಟಲು ಕಟ್ಟುತ್ತದೆ. ನಮ್ಮ ಎಲೆ-ಅಡಿಕೆಯ ಸುಣ್ಣಕ್ಕೆ ಸುಡುವ ಚಿಪ್ಪು ಯಾವ ವಸ್ತುವಿನಿಂದ ಆಗಿದೆಯೋ ಅದೇ ವಸ್ತು ಇದು. ಬಟ್ಟಲಿನ ಮೇಲೆ ಬಟ್ಟಲು ಕಟ್ಟುತ್ತ, ಒಂದು ಜೀವಿ ಎರಡಾಗಿ, ಎರಡು ನಾಲ್ಕಾಗಿ, ಸಾವಿರಗಟ್ಟಲೆ ಮೈಗಳು ಒಂದಕ್ಕೊಂದು ಹೆಣೆದುಕೊಂಡು ಒಂದೇ ಗುಂಡಾಗುತ್ತವೆ. ದುಂಡುಗಲ್ಲಿನ ಹಾಗೆ ಬೆಳೆಯುವ ಜಾತಿಗಳು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್ ಬೆಳೆದರೆ ಹೆಚ್ಚು. ಹಾಗೆ ಲೆಕ್ಕ ಹಾಕಿದರೆ ದೊಡ್ಡವ್ವನ ಕಲ್ಲು ಹತ್ತು ವರ್ಷದ ದುಡಿಮೆ.

ಈ ದುಡಿಮೆಗೆ ಬೇಕಾದ ಶಕ್ತಿ ಬರುವುದು ಹವಳದ ಮೈಯೊಳಗೆ ಮನೆ ಮಾಡಿಕೊಂಡಿರುವ ಪಾಚಿಯಿಂದ. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿಕೋಶಗಳು ಬಿಸಿಲಿನಿಂದ ಸಕ್ಕರೆ ಮಾಡಿ ಅದರ ಬಹುಭಾಗವನ್ನು ಹವಳಕ್ಕೇ ಕೊಡುತ್ತವೆ. ಹವಳದ ಬಣ್ಣವೂ ಹೆಚ್ಚಿನಂಶ ಪಾಚಿಯದೇ. ಹಾಗಾಗಿ ಹವಳಕ್ಕೆ ಬೆಚ್ಚನೆಯ ನೀರು ಬೇಕು, ಉಪ್ಪು ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಬಿಸಿಲು ತಳ ಮುಟ್ಟುವಷ್ಟು ತಿಳಿಯಾದ ನೀರು ಬೇಕು.

ನಮ್ಮ ಕರಾವಳಿಯ ನೀರು ಬೆಚ್ಚಗಿದೆ, ಉಪ್ಪೂ ಇದೆ. ಆದರೂ ಕಾರವಾರದಿಂದ ಮಂಗಳೂರಿನ ತನಕ ದಡದಲ್ಲಿ ಹವಳದ ದಿಬ್ಬಗಳು ಕಾಣುವುದಿಲ್ಲ. ಇದಕ್ಕೆ ಕಾರಣ ನದಿಗಳು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ವೆಂಕಟಾಪುರ ಹೊಳೆ, ಹೀಗೆ ಒಂದರ ಪಕ್ಕ ಒಂದು ಘಟ್ಟದಿಂದ ಇಳಿದು ಬರುತ್ತವೆ. ಮುಂಗಾರಿನ ನಾಲ್ಕು ತಿಂಗಳು ಕೆಮ್ಮಣ್ಣು ಕಲಸಿದ ಸಿಹಿನೀರನ್ನು ಕಡಲಿಗೆ ಸುರಿಯುತ್ತವೆ. ಮೇಲೆ ಕೆಸರು ಕೂತರೆ ಹವಳದ ಬಾಯಿ ಮುಚ್ಚುತ್ತದೆ, ಬೆಳಕು ಕಟ್ಟಿಹೋಗುತ್ತದೆ, ಸಿಹಿನೀರು ಹೆಚ್ಚಾದರೆ ಜೀವವೇ ಹೋಗುತ್ತದೆ. ಮಳೆಗಾಲದಲ್ಲಿ ಕಡಲ ಆಳದಿಂದ ತಣ್ಣನೆಯ ನೀರೂ ಮೇಲೇಳುತ್ತದೆ. ಗೊಬ್ಬರದ ಹಾಗೆ ಸತ್ವ ತುಂಬಿದ ನೀರದು. ಬಂಗುಡೆ, ತಾರ್ಲಿ ಮೀನುಗಳಿಗೆ ಅದರಿಂದ ಹಬ್ಬ. ಹವಳಕ್ಕೆ ಮಾತ್ರ ಅದು ಒಗ್ಗದು, ಏಕೆಂದರೆ ಸತ್ವ ಹೆಚ್ಚಾದ ಕಡೆ ಹುಲುಸಾಗಿ ಬೆಳೆಯುವ ಪಾಚಿಗಿಡಗಳು ಅದರ ಜಾಗವನ್ನು ಕಬಳಿಸುತ್ತವೆ. ಹರಿಹರದ ಸಂತೆಯಲ್ಲಿ ಬಂಗುಡೆ ಕೊಳ್ಳುವವರಿಗೆ ಕರ್ನಾಟಕದ ದಡದಲ್ಲಿ ಹವಳ ಏಕಿಲ್ಲ ಎಂಬುದರ ಅರ್ಧ ಉತ್ತರ ತಮ್ಮ ಚೀಲದಲ್ಲೇ ಸಿಗುತ್ತದೆ ಎಂದು ನನಗೆ ಅನ್ನಿಸುವುದುಂಟು.

ದಡ ಬಿಟ್ಟು ದೂರ ಹೋದರೆ ಕೆಸರು ತಳಕ್ಕಿಳಿದು ನೀರು ತಿಳಿಯಾಗುತ್ತದೆ. ಅಲ್ಲೇನಾದರೂ ಆಳ ಕಡಿಮೆಯಿದ್ದು ಹವಳಕ್ಕೆ ಕಾಲೂರಲು ಗಟ್ಟಿ ಬಂಡೆ ಸಿಕ್ಕಿದರೆ? ಹಾಗೆ ಸಿಕ್ಕಿರುವ ಜಾಗ ನೇತ್ರಾಣಿ.

ಉತ್ತರ ಕನ್ನಡ ಜಿಲ್ಲೆಯ ಭಟ್ಕಳ ತಾಲ್ಲೂಕಿಗೆ ಸೇರಿದ ಈ ದ್ವೀಪ ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿದೆ. ಭೂಪಟದ ಮೇಲೆ ನೇರ ಗೆರೆ ಎಳೆದು ನೋಡಿದರೆ ಹರಿಹರಕ್ಕೆ ಬೆಂಗಳೂರಿಗಿಂತ ನೇತ್ರಾಣಿಯೇ ಹತ್ತಿರ, ಸುಮಾರು 170 ಕಿಲೋಮೀಟರ್. ನಮ್ಮ ಕಡೆಯ ಎಷ್ಟೋ ಕುಟುಂಬಗಳು ಶಿವಮೊಗ್ಗ, ಸಾಗರ, ಜೋಗ ನೋಡಿಕೊಂಡು, ಹೊನ್ನಾವರದಲ್ಲಿ ಘಟ್ಟ ಇಳಿದು ಮುರುಡೇಶ್ವರಕ್ಕೆ ಹೋಗುತ್ತವೆ. ರಾಜಗೋಪುರದ ಮೇಲೆ ನಿಂತು ಕಡಲು ನೋಡುತ್ತವೆ. ಗಾಳಿ ತಿಳಿಯಾಗಿದ್ದ ದಿನ ದಿಗಂತದಲ್ಲಿ ಒಂದು ಬೂದು ಗುಡ್ಡ ಕಾಣುತ್ತದೆ. ಅದು ನೇತ್ರಾಣಿ. ಮೇಲಿನಿಂದ ನೋಡಿದರೆ ಹೃದಯದ ಆಕಾರ. ಹಿಂದೆ ಇಂಗ್ಲಿಷರ ನಕ್ಷೆಗಳಲ್ಲಿ ಅದನ್ನು ಪಾರಿವಾಳದ ದ್ವೀಪ ಎಂದು ಗುರುತಿಸುತ್ತಿದ್ದರು. ಅಲ್ಲಿ ಜನವಸತಿ ಇಲ್ಲ. ಹಿಂದೆಂದೋ ಮನುಷ್ಯರು ಇದ್ದುದರ ಗುರುತುಗಳಿವೆ, ಮೀನುಗಾರರು ನಡೆದುಕೊಳ್ಳುವ ದೈವದ ನೆಲೆ ಇದೆ, ಕಾಡುಬಿದ್ದ ಆಡುಗಳಿವೆ.

ಕೆಲವು ವರ್ಷಗಳ ಹಿಂದೆ ಒಂದು ಜನವರಿಯಲ್ಲಿ ನಾನು ಆ ಗುಡ್ಡದ ಬುಡಕ್ಕೆ ಹೋಗಿದ್ದೆ. ಮುರುಡೇಶ್ವರದಿಂದ ದೋಣಿಯಲ್ಲಿ ಒಂದೂವರೆ ಗಂಟೆ. ಹೊರಟಾಗ ನೀರು ಮಾಸಲು ಹಸಿರು, ಮುಂಗೈ ಅದ್ದಿದರೆ ಬೆರಳ ತುದಿ ಕಾಣದು. ಅರ್ಧ ದಾರಿ ಕಳೆದ ಮೇಲೆ ನೀಲಿಗೆ ತಿರುಗಿತು. ಗುಡ್ಡದ ನೆರಳಿಗೆ ಬಂದಾಗ ಲಂಗರಿನ ಹಗ್ಗ ಐದಾರು ಆಳು ಆಳದವರೆಗೂ ಕಾಣುತ್ತಿತ್ತು. ಬಣ್ಣ ಬದಲಾದ ಆ ಅರ್ಧ ಗಂಟೆಯಲ್ಲಿ ನನಗೆ ಪುಸ್ತಕದಲ್ಲಿ ಓದಿದ್ದೆಲ್ಲ ಒಮ್ಮೆಗೇ ಅರ್ಥವಾಯಿತು. ಶರಾವತಿಯ ಮಣ್ಣು ಎಲ್ಲಿಗೆ ಮುಗಿಯುತ್ತದೋ ಅಲ್ಲಿಂದ ಹವಳ ಶುರು.

ಗುಡ್ಡದ ಅಂಚು ಕಡಿದಾದ ಬಂಡೆ, ಮೇಲೆ ದಟ್ಟ ಹಸಿರು. ಮರದ ತುದಿಯಲ್ಲಿ ಒಂದು ಬಿಳಿ ಚುಕ್ಕೆ. ಅದು ರೆಕ್ಕೆ ಬಿಚ್ಚಿತು. ಬಿಳಿ ಹೊಟ್ಟೆಯ ಕಡಲ ಹದ್ದು. ರೆಕ್ಕೆಯ ಹರವು ಆರು ಅಡಿಗೂ ಹೆಚ್ಚು. ನಮ್ಮ ಕೆರೆಗಳ ಮೇಲೆ ಸುತ್ತುವ ಹದ್ದನ್ನು ನೋಡಿದ ಕಣ್ಣಿಗೆ ಇದು ಬೇರೆಯೇ ಅಳತೆಯ ಹಕ್ಕಿ. ಮೀನು ಹಿಡಿಯುತ್ತದೆ, ಕಡಲ ಹಾವನ್ನೂ ಹಿಡಿಯುತ್ತದೆ. ಎತ್ತರದ ಮರದಲ್ಲಿ ಕಡ್ಡಿ ಒಟ್ಟಿ ಕಟ್ಟಿದ ಗೂಡನ್ನು ವರ್ಷ ವರ್ಷವೂ ರಿಪೇರಿ ಮಾಡಿಕೊಂಡು ಅದೇ ಗೂಡಿಗೆ ಬರುತ್ತದೆ. ದೇಶದ ಪಶ್ಚಿಮ ಕರಾವಳಿಯಲ್ಲಿ ಈ ಹದ್ದುಗಳು ಗುಂಪಾಗಿ ಮರಿ ಮಾಡುವ ಜಾಗವೆಂದು ಪಕ್ಷಿ ಬಲ್ಲವರಲ್ಲಿ ನೇತ್ರಾಣಿಗೆ ಹಳೆಯ ಹೆಸರಿದೆ. ದಡದಲ್ಲಿ ತೆಂಗಿನ ಮರ, ಗಾಳಿಮರಗಳ ಮೇಲೆ ಗೂಡು ಕಟ್ಟಿದರೆ ಕೆಳಗೆ ಜನ, ನಾಯಿ, ಸದ್ದು. ಇಲ್ಲಿ ಅದಾವುದೂ ಇಲ್ಲ.

ದಡಕ್ಕೆ ನಾವು ಇಳಿಯಲಿಲ್ಲ. ನೀರಿಗೆ ಇಳಿದೆವು. ನನಗೆ ಆಳಕ್ಕೆ ಹೋಗುವ ತರಬೇತಿ ಇಲ್ಲ. ಕಣ್ಣಿಗೆ ಗಾಜು, ಬಾಯಿಗೆ ಕೊಳವೆ ಕಟ್ಟಿಕೊಂಡು ಮೇಲೆ ತೇಲುತ್ತ ಮುಖ ಮಾತ್ರ ಮುಳುಗಿಸಿದೆ. ಮೊದಲು ಬಂದದ್ದು ನೋಟವಲ್ಲ, ಸದ್ದು. ಕಟಕಟ, ಕಟಕಟ. ಯಾರೋ ಹುರಿಗಡಲೆ ಅಗಿಯುತ್ತಿದ್ದಾರೆ ಅನ್ನುವಂತೆ. ಗಿಳಿಮೀನುಗಳು ಬಂಡೆ ಕೆರೆದು ತಿನ್ನುತ್ತಿದ್ದವು. ಇವುಗಳ ಹಲ್ಲುಗಳೆಲ್ಲ ಕೂಡಿಕೊಂಡು ಗಿಳಿಯ ಕೊಕ್ಕಿನ ಹಾಗಾಗಿವೆ. ಸತ್ತ ಹವಳದ ಮೇಲೆ ಬೆಳೆದ ಪಾಚಿಯನ್ನು ಸುಣ್ಣದ ಸಮೇತ ಕಡಿದು, ಗಂಟಲಿನಲ್ಲಿರುವ ಇನ್ನೊಂದು ಹಲ್ಲಿನ ಸಾಲಿನಲ್ಲಿ ಅರೆದು ನುಂಗುತ್ತವೆ. ಪಾಚಿ ಜೀರ್ಣವಾಗುತ್ತದೆ, ಸುಣ್ಣ ನುಣ್ಣನೆಯ ಬಿಳಿ ಮರಳಾಗಿ ಹೊರಬರುತ್ತದೆ. ನನ್ನ ಕಣ್ಣೆದುರೇ ಒಂದು ಮೀನು ಈಜುತ್ತ ಈಜುತ್ತ ಹೊಗೆಯಂಥ ಬಿಳಿ ಎಳೆ ಬಿಟ್ಟಿತು. ದೊಡ್ಡ ಗಿಳಿಮೀನೊಂದು ಹೀಗೆ ವರ್ಷಕ್ಕೆ ನೂರಾರು ಕಿಲೋ ಮರಳು ಮಾಡಬಲ್ಲದು. ಮಾಲ್ದೀವ್ಸ್‌ನ ಹವಳ ದ್ವೀಪವೊಂದರ ಸುತ್ತ ಹುಟ್ಟುವ ಮರಳಿನ ಬಹುಪಾಲು ಈ ಮೀನುಗಳ ಹೊಟ್ಟೆಯಿಂದಲೇ ಬಂದದ್ದೆಂದು ಸಂಶೋಧಕರು ಅಳೆದು ತೋರಿಸಿದ್ದಾರೆ.

ಇನ್ನೂ ಏನೇನೋ ಕಂಡವು. ಚಿಟ್ಟೆಮೀನುಗಳು ಜೋಡಿ ಜೋಡಿಯಾಗಿ ಸುಳಿದವು. ಬಂಡೆಯ ಸಂದಿನಿಂದ ಹಾವುಮೀನೊಂದು ಬಾಯಿ ಕಳೆದು ನೋಡುತ್ತಿತ್ತು. ಹವಳಗಳು ಹೆಚ್ಚಾಗಿ ಗುಂಡುಕಲ್ಲಿನ ಹಾಗೆ ದುಂಡಗಿದ್ದವು, ಟಿವಿಯಲ್ಲಿ ಕಾಣುವ ಕವಲುಕವಲಾದ ತೋಟದ ಹಾಗಲ್ಲ. ಮಳೆಗಾಲದ ಅಲೆಗಳ ಹೊಡೆತಕ್ಕೆ ಕವಲಿನವು ಮುರಿಯುತ್ತವೆ, ಗುಂಡಗಿರುವವು ತಡೆದುಕೊಳ್ಳುತ್ತವೆ. ನಮ್ಮ ನೇತ್ರಾಣಿಗೆ ಒಗ್ಗಿದ ರೂಪ ಅದು. ಪುನೀತ್ ರಾಜ್‌ಕುಮಾರ್ ಅವರ ‘ಗಂಧದ ಗುಡಿ’ 2022ರಲ್ಲಿ ತೆರೆಕಂಡಾಗ ನಮ್ಮೂರ ಜನ ಮೊದಲ ಸಲ ಈ ನೀರೊಳಗಿನ ಜಾಗವನ್ನು ದೊಡ್ಡ ಪರದೆಯ ಮೇಲೆ ಕಂಡರು. ಥಿಯೇಟರಿನಲ್ಲಿ ನನ್ನ ಪಕ್ಕ ಕೂತಿದ್ದ ಹುಡುಗ ಅಪ್ಪನನ್ನು ಕೇಳಿದ, "ಇದು ಯಾವ ದೇಶ?" ಕರ್ನಾಟಕ ಅಂದಾಗ ಅವನು ನಂಬಲಿಲ್ಲ.

ಪ್ರವಾಸದ ಜಾಹೀರಾತುಗಳಲ್ಲಿ ನೇತ್ರಾಣಿಯನ್ನು ಹವಳ ದ್ವೀಪ ಅನ್ನುತ್ತಾರೆ. ಇಲ್ಲಿ ಒಂದು ವ್ಯತ್ಯಾಸ ಹೇಳಬೇಕು. ನೇತ್ರಾಣಿಯ ಗುಡ್ಡ ಬಂಡೆಯದು, ಹವಳ ಅದರ ಸೊಂಟಕ್ಕೆ ಸುತ್ತಿಕೊಂಡಿದೆ. ತಲೆಯಿಂದ ಕಾಲಿನವರೆಗೂ ಹವಳದಿಂದಲೇ ಆದ ದ್ವೀಪ ನೋಡಬೇಕಾದರೆ ಇನ್ನೂ ಪಶ್ಚಿಮಕ್ಕೆ, ಲಕ್ಷದ್ವೀಪದ ಕಡೆ ಹೋಗಬೇಕು. ಅದೂ ನಮಗೆ ಪರಸ್ಥಳವಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅಲ್ಲಿನ ಐದು ದ್ವೀಪಗಳು, ದ್ವೀಪದ ಜನ ಟಿಪ್ಪುವಿನ ಆಶ್ರಯ ಕೋರಿದ ಮೇಲೆ, 1780ರ ದಶಕದಲ್ಲಿ ಮೈಸೂರಿನ ಆಳ್ವಿಕೆಗೆ ಬಂದವು. 1799ರ ನಂತರ ಅವು ಕಂಪನಿಯ ಕೈಗೆ ಹೋಗಿ, ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿ 1956ರವರೆಗೂ ಮಂಗಳೂರಿನಿಂದಲೇ ಆಡಳಿತ ನಡೆಯಿತು. ಅಲ್ಲಿನ ತೆಂಗಿನ ನಾರು, ಕೊಬ್ಬರಿ ಮಂಜಿ ಎಂಬ ಹಾಯಿದೋಣಿಗಳಲ್ಲಿ ಮಂಗಳೂರು ಬಂದರಿಗೆ ಬರುತ್ತಿತ್ತು, ಇಲ್ಲಿಂದ ಅಕ್ಕಿ ಹೋಗುತ್ತಿತ್ತು. ದೊಡ್ಡಪ್ಪ ಬಂದರಿನಲ್ಲಿ ಕೊಂಡ ಬಿಳಿ ಕಲ್ಲು ಅಂಥದೇ ಒಂದು ಮಂಜಿಯಲ್ಲಿ ಬಂದಿರಬೇಕು ಎಂದು ನನ್ನ ಊಹೆ.

ನಡುಗಡಲಿನಲ್ಲಿ, ಸಾವಿರಾರು ಅಡಿ ಆಳದಿಂದ ಮೇಲೆದ್ದು, ಬಿಸಿಲು ಬೇಕೆನ್ನುವ ಹವಳ ಹೇಗೆ ದ್ವೀಪ ಕಟ್ಟಿತು? ಇದಕ್ಕೆ ಉತ್ತರ ಹೇಳಿದವನು ಡಾರ್ವಿನ್, 1842ರಲ್ಲಿ. ಮೊದಲು ಜ್ವಾಲಾಮುಖಿಯ ಬೆಟ್ಟವೊಂದು ಕಡಲಿನ ಮೇಲೆ ತಲೆ ಎತ್ತಿರುತ್ತದೆ. ಅದರ ಅಂಚಿಗೆ ಹವಳ ಕೂಡುತ್ತದೆ, ನೇತ್ರಾಣಿಯಲ್ಲಿ ಕೂಡಿದ ಹಾಗೆ. ಬೆಟ್ಟ ತನ್ನ ಭಾರಕ್ಕೆ ನಿಧಾನವಾಗಿ ಕುಸಿಯುತ್ತದೆ. ಅದು ಕುಸಿದಷ್ಟೂ ಹವಳ ಬೆಳಕಿಗಾಗಿ ಮೇಲೆ ಮೇಲೆ ಕಟ್ಟುತ್ತದೆ. ಕೊನೆಗೆ ಬೆಟ್ಟ ಪೂರ್ತಿ ಮುಳುಗಿ, ಅದರ ಅಂಚಿನ ಗುರುತಾಗಿ ಹವಳದ ಉಂಗುರ ಮಾತ್ರ ಉಳಿಯುತ್ತದೆ. ನಡುವೆ ತಿಳಿಗೊಳ. 1952ರಲ್ಲಿ ಪೆಸಿಫಿಕ್ ಸಾಗರದ ಎನಿವೆಟಾಕ್ ಎಂಬಲ್ಲಿ ಕೊರೆದು ನೋಡಿದಾಗ 1,200 ಮೀಟರಿಗೂ ಹೆಚ್ಚು ದಪ್ಪದ ಸುಣ್ಣಕಲ್ಲಿನ ಅಡಿಯಲ್ಲಿ ಜ್ವಾಲಾಮುಖಿಯ ಕಪ್ಪು ಕಲ್ಲು ಸಿಕ್ಕಿತು. ನೂರಹತ್ತು ವರ್ಷದ ಹಿಂದಿನ ಮಾತು ನಿಜವಾಯಿತು. ಲಕ್ಷದ್ವೀಪದ ಅಡಿಯಲ್ಲೂ ಮುಳುಗಿದ ಬೆಟ್ಟಸಾಲಿದೆ. ಅದನ್ನು ಉಕ್ಕಿಸಿದ ಭೂಗರ್ಭದ ಬಿಸಿಯೇ ಅದಕ್ಕೆ ಮೊದಲು, ಸುಮಾರು 6.6 ಕೋಟಿ ವರ್ಷಗಳ ಹಿಂದೆ, ದಖನ್ನಿನ ಲಾವಾ ಹರಿಸಿತ್ತು. ಬೆಳಗಾವಿ, ವಿಜಯಪುರದ ಕಪ್ಪುಕಲ್ಲು ಆಗಿನದು. ವಿಜಯಪುರದ ಕಲ್ಲಿಗೂ ಬಿತ್ರದ ಬುಡಕ್ಕೂ ತಾಯಿ ಒಬ್ಬಳೇ.

ಹೀಗೆ ಹುಟ್ಟಿದ ದ್ವೀಪ ಕಡಲಿಗಿಂತ ಒಂದೆರಡು ಆಳು ಎತ್ತರ ಇದ್ದರೆ ಹೆಚ್ಚು. ಬೆಟ್ಟವಿಲ್ಲ, ಹೊಳೆಯಿಲ್ಲ, ನಮ್ಮ ಎರೆಮಣ್ಣಿನಂಥ ಮಣ್ಣೂ ಇಲ್ಲ. ಮುರಿದ ಹವಳ, ಚಿಪ್ಪು, ಗಿಳಿಮೀನಿನ ಮರಳು ಅಷ್ಟೆ. ಆದರೂ ಕೆಲವು ದ್ವೀಪಗಳಲ್ಲಿ ಗುಂಡಿ ತೋಡಿದರೆ ಸಿಹಿನೀರು! ಮಳೆನೀರು ಮರಳಿನಲ್ಲಿ ಇಂಗಿ, ಉಪ್ಪುನೀರಿಗಿಂತ ಹಗುರವಾದ್ದರಿಂದ ಅದರ ಮೇಲೆ ತೇಲುತ್ತ ನಿಲ್ಲುತ್ತದೆ. ಕಡಲಮಟ್ಟದ ಮೇಲೆ ಒಂದು ಅಡಿ ಸಿಹಿನೀರಿದ್ದರೆ ಕೆಳಗೆ ಸುಮಾರು ನಲವತ್ತು ಅಡಿ ಇರುತ್ತದೆ ಎಂಬುದು ಲೆಕ್ಕ. ದ್ವೀಪ ತೀರಾ ಚಿಕ್ಕದಾದರೆ ಈ ನೀರು ನಿಲ್ಲುವುದಿಲ್ಲ. ಹೆಚ್ಚು ಸೇದಿದರೆ ಉಪ್ಪು ಮೇಲೇರುತ್ತದೆ. ದಾವಣಗೆರೆಯ ಸುತ್ತ ಬೋರ್‌ವೆಲ್ ಬತ್ತುವುದನ್ನು ಕಂಡ ನಮಗೆ ಈ ಭಯ ಬಿಡಿಸಿ ಹೇಳಬೇಕಿಲ್ಲ.

ಬಿತ್ರದ ಕಥೆ ನನ್ನನ್ನು ಬಹಳ ಕಾಡಿದೆ. ನೆಲ ಸುಮಾರು 26 ಎಕರೆ, ನಮ್ಮಲ್ಲಿ ಒಬ್ಬ ದೊಡ್ಡ ರೈತನ ಹಿಡುವಳಿಯಷ್ಟು. ಇಪ್ಪತ್ತನೇ ಶತಮಾನದ ಮೊದಲ ಭಾಗದವರೆಗೂ ಅಲ್ಲಿ ಯಾರೂ ನೆಲೆ ನಿಂತಿರಲಿಲ್ಲ. ಅದು ಕಡಲ ಹಕ್ಕಿಗಳ ತವರಾಗಿತ್ತು. ಚೆತ್ಲತ್, ಕಿಲ್ತಾನ್ ದ್ವೀಪಗಳವರು ಹಕ್ಕಿ ಮತ್ತು ಮೊಟ್ಟೆಗಾಗಿ ಅಲ್ಲಿಗೆ ಹೋಗಿಬರುತ್ತಿದ್ದರು. 1945ರ ಹೊತ್ತಿಗೆ ಜನ ಕಾಯಂ ಆಗಿ ನೆಲೆಸಿದರು. 2011ರ ಜನಗಣತಿಯಲ್ಲಿ ಅಲ್ಲಿದ್ದವರು 271 ಮಂದಿ. ಅವರನ್ನು ದೂರುವ ಮನಸ್ಸು ನನಗಿಲ್ಲ. ಬದುಕಲು ನೆಲ ಹುಡುಕಿ ಬಂದವರು. ಆದರೆ ಹಕ್ಕಿಗಳು ಆ ನೆಲ ಬಿಟ್ಟವು. ಈಗ ಲಕ್ಷದ್ವೀಪದಲ್ಲಿ ಕಡಲ ಹಕ್ಕಿಗಳು ಗುಂಪಾಗಿ ಮೊಟ್ಟೆಯಿಡುವ ಹೆಸರಾಂತ ಜಾಗ ಪಿಟ್ಟಿ. ಕವರತ್ತಿಯ ವಾಯವ್ಯಕ್ಕೆ ಮೂರು ಎಕರೆಯಷ್ಟು ಮರಳು ಮತ್ತು ಹವಳದ ಚೂರು. ಒಂದು ಮರವಿಲ್ಲ, ಕುಡಿಯುವ ನೀರಿಲ್ಲ. ಮನುಷ್ಯನಿಗೆ ಬೇಕಾದ್ದು ಏನೂ ಇಲ್ಲದ್ದರಿಂದಲೇ ಅದು ಹಕ್ಕಿಗಳಿಗೆ ಉಳಿದಿದೆ.

ಪಿಟ್ಟಿಗೆ ಬರುವವು ರೀವ, ಅಂದರೆ ಟರ್ನ್ ಜಾತಿಯ ಹಕ್ಕಿಗಳು. ಗೂಡಿಲ್ಲ, ಹುಲ್ಲಿನ ಹಾಸಿಗೆಯಿಲ್ಲ, ಬರಿಯ ಮರಳಿನ ಮೇಲೆ ಮೊಟ್ಟೆ. ಬೆಕ್ಕು, ನಾಯಿ, ಇಲಿ ಇಲ್ಲದ ನೆಲ ಎಂಬ ಭರವಸೆ ಇದ್ದರೆ ಮಾತ್ರ ಹೀಗೆ ಇಡಲು ಸಾಧ್ಯ. ಹಡಗಿನಿಂದ ಒಂದೆರಡು ಇಲಿ ಇಳಿದರೆ ಸಾಕು, ಅಷ್ಟೂ ಮುಗಿಯಿತು. ಇದರ ಪರಿಣಾಮ ನೀರಿನೊಳಗೂ ಹೋಗುತ್ತದೆ ಎನ್ನುವುದು ನಮಗೆ ತಿಳಿದದ್ದು ಇತ್ತೀಚೆಗೆ. ಲಕ್ಷದ್ವೀಪದ ಅದೇ ಬೆಟ್ಟಸಾಲಿನ ದಕ್ಷಿಣ ತುದಿಯಲ್ಲಿರುವ ಚಾಗೋಸ್ ದ್ವೀಪಗಳಲ್ಲಿ ವಿಜ್ಞಾನಿಗಳು ಇಲಿ ಇರುವ ಮತ್ತು ಇಲ್ಲದ ದ್ವೀಪಗಳನ್ನು ಹೋಲಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಇಲಿ ಇಲ್ಲದ ದ್ವೀಪಗಳಲ್ಲಿ ಕಡಲ ಹಕ್ಕಿಗಳ ಸಾಂದ್ರತೆ 760 ಪಟ್ಟು ಹೆಚ್ಚು. ದೂರದ ಕಡಲಿನಲ್ಲಿ ಮೀನು ತಿಂದು ಬಂದು ಹಕ್ಕಿಗಳು ಹಾಕುವ ಹಿಕ್ಕೆಯಿಂದ ನೆಲಕ್ಕೆ ಸೇರುವ ಸಾರಜನಕ 251 ಪಟ್ಟು ಹೆಚ್ಚು. ಮಳೆ ಅದನ್ನು ಅಳತೆಯಲ್ಲಿ ನೀರಿಗೆ ಇಳಿಸುತ್ತದೆ. ಪಕ್ಕದ ಹವಳದಲ್ಲಿ ಮೀನಿನ ಒಟ್ಟು ತೂಕ ಸುಮಾರು ಅರ್ಧಪಾಲು ಹೆಚ್ಚಿತ್ತು. ಮೀನು ಹೆಚ್ಚಾದರೆ ಪಾಚಿ ಮೇಯುವ ಬಾಯಿಗಳು ಹೆಚ್ಚು, ಮರಳು ಹೆಚ್ಚು. ಮರಳು ಸೇರಿದರೆ ದ್ವೀಪ ಉಳಿಯುತ್ತದೆ, ಹಕ್ಕಿ ಮತ್ತೆ ಬರುತ್ತದೆ. ಕೊಟ್ಟಿಗೆಗೊಬ್ಬರ ಹಾಕಿ ಹೊಲ ಮಾಡುವ ನಮ್ಮ ಭಾಗದ ಹಿರಿಯರಿಗೆ ಹೇಳಿದ್ದರೆ ಅವರು ಇದಕ್ಕೆ ಆಶ್ಚರ್ಯವನ್ನೇ ಪಡುತ್ತಿರಲಿಲ್ಲ.

ರೀವ ಎಂದೊಡನೆ ನಾನು ಮನೆಯ ಹತ್ತಿರಕ್ಕೆ ಬರಬೇಕು. ದಾವಣಗೆರೆ ಸೀಮೆಯ ಗದ್ದೆಗಳಿಗೆ ನೀರು ಕೊಡುವ ಭದ್ರಾ ಜಲಾಶಯದಲ್ಲಿ, ಲಕ್ಕವಳ್ಳಿಯ ಬಳಿ, ಬೇಸಿಗೆಯಲ್ಲಿ ನೀರು ಇಳಿದಂತೆ ಸಣ್ಣ ಸಣ್ಣ ನಡುಗಡ್ಡೆಗಳು ಏಳುತ್ತವೆ. ಹಳದಿ ಕೊಕ್ಕಿನ, ಕರಿ ತಲೆಯ ನದಿ ರೀವಗಳು ಅಲ್ಲಿ ಸಾವಿರಗಟ್ಟಲೆ ಸೇರಿ ಕಲ್ಲುನೆಲದ ಮೇಲೆ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ಪಿಟ್ಟಿಯಲ್ಲಿ ನಡೆಯುವುದೇ ಇಲ್ಲೂ ನಡೆಯುತ್ತದೆ, ಸುತ್ತ ಉಪ್ಪುನೀರಿನ ಬದಲು ನಮ್ಮ ನಾಲೆಗೆ ಬರುವ ನೀರು. ನಾಲೆಯ ಕೊನೆಯ ಭಾಗಕ್ಕೆ ನೀರು ಮುಟ್ಟಲಿಲ್ಲವೆಂದು ಪ್ರತಿ ಬೇಸಿಗೆ ನಾವು ಚಳವಳಿ ಮಾಡುವಾಗ ಮೇಲುಗಡೆ ಆ ನೀರು ಇಳಿದ ಜಾಗದಲ್ಲಿ ಮರಿಗಳು ಕಣ್ಣು ಬಿಡುತ್ತಿರುತ್ತವೆ.

ನೇತ್ರಾಣಿಗೆ ಮರಳುತ್ತೇನೆ. ನೌಕಾಪಡೆ ಈ ದ್ವೀಪವನ್ನು ಗುಂಡು ಹಾರಿಸುವ ಅಭ್ಯಾಸಕ್ಕೆ ಗುರಿಯಾಗಿ ಬಳಸಿತ್ತು. ಪರಿಸರದ ಕಾಳಜಿಯುಳ್ಳವರು ಅದನ್ನು ವಿರೋಧಿಸಿದರು. ದೇಶಕ್ಕೆ ಅಭ್ಯಾಸದ ಜಾಗ ಬೇಕು, ಒಪ್ಪುತ್ತೇನೆ. ಆದರೆ ರಾಜ್ಯದಲ್ಲಿ ಹೀಗೆ ಹವಳ ಸುತ್ತಿಕೊಂಡ, ಕಡಲ ಹದ್ದುಗಳು ಮನೆ ಮಾಡಿದ ಗುಡ್ಡ ನನಗೆ ತಿಳಿದಂತೆ ಇದೊಂದೇ. ಇದನ್ನು ಯಾವ ಗುಂಡೂ ಮುಟ್ಟಬಾರದು. ಆಡುಗಳ ಬಗ್ಗೆಯೂ ಯೋಚಿಸಬೇಕು. ಎಳೆಯ ಸಸಿಗಳನ್ನು ಅವು ಮೇಯುತ್ತ ಹೋದರೆ ಇಂದಿನ ದೊಡ್ಡ ಮರಗಳು ಬಿದ್ದ ಮೇಲೆ ಹದ್ದು ಗೂಡು ಕಟ್ಟಲು ಏನು ಉಳಿದೀತು? ಅಕ್ಟೋಬರಿನಿಂದ ಮೇವರೆಗೆ ಬರುವ ಪ್ರವಾಸಿಗರಲ್ಲಿ ನಾನೂ ಒಬ್ಬನಾಗಿದ್ದೆ. ಹವಳದ ಮೇಲೆ ಕಾಲಿಡದೆ, ಲಂಗರು ಅದರ ಮೇಲೆ ಬೀಳದ ಹಾಗೆ ನೋಡಿಕೊಂಡು, ದಡಕ್ಕೆ ಇಳಿಯದೆ ಬರುವುದು ಕಷ್ಟದ ಕೆಲಸವಲ್ಲ. ಹವಳದ ಚೂರೊಂದನ್ನು ನೆನಪಿಗೆಂದು ತರುವುದಂತೂ ಅಪರಾಧ: 2001ರಿಂದ ಬಂಡೆ ಕಟ್ಟುವ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಯ ಜೊತೆಯಲ್ಲೇ.

ಕೈಯಲ್ಲಿ ತಡೆಯಲಾಗದ ಅಪಾಯ ಬಿಸಿಯದು. ಕಡಲು ತನ್ನ ಬೇಸಿಗೆಯ ವಾಡಿಕೆಗಿಂತ ಒಂದು ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಹೋಗಿ ಬಿಳಿಚಿಕೊಳ್ಳುತ್ತದೆ. ಬೇಗ ತಂಪಾದರೆ ಚೇತರಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಹಸಿದು ಸಾಯುತ್ತದೆ. 1998, 2010, 2016, ಮತ್ತೆ 2024ರಲ್ಲಿ ಲಕ್ಷದ್ವೀಪದಲ್ಲಿ ಹೀಗಾಯಿತು. ಕಟ್ಟುವ ಜೀವ ಸತ್ತರೆ ಅಲೆ ಮಾತ್ರ ತನ್ನ ಕೆಲಸ ಬಿಡುವುದಿಲ್ಲ. ಬಂಗಾರಂ ಬಳಿಯ ಪರಳಿ ಎಂಬ ನಿರ್ಜನ ದ್ವೀಪವೊಂದು ಕೊರೆದು ಕೊರೆದು ಪೂರ್ತಿ ಕಣ್ಮರೆಯಾಗಿದೆ ಎಂದು 2017ರಲ್ಲಿ ಸಂಶೋಧನೆಯೊಂದು ತಿಳಿಸಿತು. 1968ರ ನಕ್ಷೆಯಲ್ಲಿ ಅದು ಸುಮಾರು ಎಂಟು ಎಕರೆ ಇತ್ತು.

ನಮ್ಮ ನೆಲ ಕಡಲಿನಿಂದ ದೂರ ಎಂದುಕೊಂಡಿದ್ದೇವೆ. ಆದರೆ ಚಿತ್ರದುರ್ಗ ಸೀಮೆಯ ಸುಣ್ಣಕಲ್ಲಿನಲ್ಲಿ ಪದರಪದರವಾದ ಸ್ಟ್ರೊಮಾಟೊಲೈಟ್‌ಗಳು ಸಿಕ್ಕಿವೆ. ಹವಳ ಹುಟ್ಟುವುದಕ್ಕೂ ಎಷ್ಟೋ ಮೊದಲು, 250 ಕೋಟಿ ವರ್ಷಗಳಿಗೂ ಹಿಂದೆ, ಆಳವಿಲ್ಲದ ನೀರಿನಲ್ಲಿ ಸೂಕ್ಷ್ಮಜೀವಿಗಳು ಕಟ್ಟಿದ ದಿಬ್ಬಗಳ ಉಳಿಕೆ ಅದು. ತುಂಗೆ ಮತ್ತು ಭದ್ರೆ ಹುಟ್ಟುವ ಗಂಗಾಮೂಲದಿಂದ ಅರಬ್ಬೀ ಸಮುದ್ರ ನೂರು ಕಿಲೋಮೀಟರಿಗೂ ಕಡಿಮೆ. ಅದೇ ಬೆಟ್ಟದ ನೇತ್ರಾವತಿ ಪಡುವಣಕ್ಕೆ ಇಳಿದು ಮಂಗಳೂರಿನಲ್ಲಿ ಕಡಲು ಸೇರುತ್ತಾಳೆ. ನಮ್ಮ ಹೊಳೆಗಳು ಮಾತ್ರ ಹತ್ತಿರದ ಕಡಲಿಗೆ ಬೆನ್ನು ಮಾಡಿ, ಕೂಡಲಿಯಲ್ಲಿ ಒಂದಾಗಿ, ಹೊನ್ನಾಳಿ, ಹರಿಹರ ದಾಟಿ ಮೂಡಣದ ಕಡಲಿಗೆ ನಡೆಯುತ್ತವೆ. ಅವು ಹೊರುವ ಮಣ್ಣೆಷ್ಟು ಎಂಬುದಕ್ಕೆ ಹೊಸಪೇಟೆಯ ತುಂಗಭದ್ರಾ ಜಲಾಶಯವೇ ಸಾಕ್ಷಿ. ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿದ್ದುದು ಹೂಳು ತುಂಬಿ ಈಗ 105ರ ಆಸುಪಾಸಿಗೆ ಇಳಿದಿದೆ. ಆ ಹೂಳು ಪಡುವಣಕ್ಕೆ ಹರಿದಿದ್ದರೆ ಕೆಸರಿನ ಗಡಿ ಕಡಲೊಳಗೆ ಇನ್ನಷ್ಟು ದೂರ ಹೋಗುತ್ತಿತ್ತೋ ಏನೋ.

ವಾಪಸು ಬರುವಾಗ ದೋಣಿಯವರು ಹೇಳಿದ್ದರು, ಮಳೆ ಹಿಡಿದ ಮೇಲೆ ನಾವೂ ಈ ಕಡೆ ಬರುವುದಿಲ್ಲ ಎಂದು. ಜೂನ್, ಜುಲೈನಲ್ಲಿ ನೇತ್ರಾಣಿಯ ಸುತ್ತ ಒಂದು ದೋಣಿಯೂ ಇರುವುದಿಲ್ಲ. ಆ ದಿನಗಳಲ್ಲಿ ನಾನು ಹರಿಹರದ ಸೇತುವೆಯ ಮೇಲೆ ನಿಂತು ಕೆಂಪಗೆ ತುಂಬಿ ಹರಿಯುವ ಹೊಳೆ ನೋಡುತ್ತೇನೆ. ಗಾಳಿ ನೈರುತ್ಯದಿಂದ ಬೀಸುತ್ತದೆ. ಒಂದೆರಡು ರೀವಗಳು ನೀರಿನ ಮೇಲೆ ತಲೆ ತಗ್ಗಿಸಿ ಹಾರುತ್ತವೆ. ಘಟ್ಟದ ಕಡೆಯಿಂದ ಬರುವ ಮೋಡಗಳು ಹಿಂದಿನ ದಿನ ಕಡಲಿನ ಮೇಲಿದ್ದವು. ಅವುಗಳಲ್ಲಿ ಕೆಲವಾದರೂ ಆ ಗುಡ್ಡವನ್ನು ತೋಯಿಸಿಯೇ ಇಲ್ಲಿಗೆ ಬಂದಿರುತ್ತವೆ.